ಆ ದೇಶದ ಸುಗ್ಗಿ ಬರುವ ತನಕ

ಸಂಜೆ ದೀಪ ಹಚ್ಚಿದ ಮೇಲೆ, ಒಲೆಗೆ ಬೆಂಕಿ ಹಾಕುವುದಕ್ಕೂ ಮೊದಲು ನಮ್ಮ ಮನೆಯಲ್ಲಿ ಒಂದು ಕೆಲಸ ಇರುತ್ತಿತ್ತು. ಅಗಲದ ಪರಾತದಲ್ಲಿ ತಣ್ಣೀರು ತುಂಬಿ ಅತ್ತಿಯ, ಅಂದರೆ ನನ್ನ ಗಂಡನ ತಾಯಿಯ, ಮುಂದೆ ಇಡುವುದು. ಅವರು ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡೂ ಪಾದ ಅದರಲ್ಲಿ ಇಳಿಬಿಟ್ಟು, ಓಣಿಯಲ್ಲಿ ಯಾರು ಹೋದರು ಯಾರು ಬಂದರು ಎಂದು ನೋಡುತ್ತಿದ್ದರು. ಅಷ್ಟರಲ್ಲಿ ನಾನು ಹಿಟ್ಟು ಜರಡಿ ಹಿಡಿದು, ಪುಂಡಿಪಲ್ಯ ಸೋಸಿ ಬರುತ್ತಿದ್ದೆ. ಚರ್ಮ ನೆಂದ ಮೇಲೆ ಒರಟು ಕಲ್ಲಿನಿಂದ ಹಿಮ್ಮಡಿ ಮೆಲ್ಲಗೆ ತಿಕ್ಕಿ, ಇನ್ನೂ ಹಸಿ ಇರುವಾಗಲೇ ಕುಸುಬಿ ಎಣ್ಣೆ ಹಚ್ಚಬೇಕು. ಆಮೇಲೆ ಬಲ್ಬಿನ ಕೆಳಗೆ ಪಾದ ತಿರುವಿ ನೋಡಬೇಕು. ಎಲ್ಲಾದರೂ ಕೆಂಪಾಗಿದೆಯಾ, ಬೊಬ್ಬೆ ಎದ್ದಿದೆಯಾ, ಮುಟ್ಟಿದರೆ ಬಿಸಿ ಇದೆಯಾ. ಯಾಕೆಂದರೆ ಅತ್ತಿಯ ಪಾದಗಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮುಳ್ಳು ಚುಚ್ಚಿದರೂ ಇಲ್ಲ, ಕೆಂಡ ತುಳಿದರೂ ಇಲ್ಲ.

ನಾನು ಸಗರಕ್ಕೆ ಸೊಸೆಯಾಗಿ ಬರುವ ಮೊದಲೇ ಅವರಿಗೆ ಆ ಬೇನೆ ಬಂದು ಹೋಗಿತ್ತು. ನಮ್ಮ ಕಡೆ ಕುಷ್ಠ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ಸರಕಾರಿ ದವಾಖಾನೆಯ ಗುಳಿಗೆ ತಿಂದು ರೋಗವೇನೋ ಪೂರ್ತಿ ವಾಸಿಯಾಗಿತ್ತು. ಆದರೆ ಪಾದದ ಸ್ಪರ್ಶ ತಿರುಗಿ ಬರಲಿಲ್ಲ. ಕೆಲವು ಮನೆಗಳವರು ಲಗ್ನಕ್ಕೆ ಕರೆದರೂ ಅವರನ್ನು ಪಂಕ್ತಿಯ ತುದಿಗೆ ಕೂಡಿಸುತ್ತಿದ್ದರು. ಅತ್ತಿ ತಾವೇ ಮುಂಚೆ ಹೋಗಿ ತುದಿಯಲ್ಲಿ ಕೂತುಬಿಡುತ್ತಿದ್ದರು, ಹೇಳಿಸಿಕೊಳ್ಳುವ ತ್ರಾಸ ಬೇಡ ಎಂದು.

ಇಂಥ ಪಾದಗಳನ್ನು ಕಾಯಲಿಕ್ಕೆ ಶಹಾಪುರದಲ್ಲಿ ಗುಡ್ಡದ ಕಡೆ ಹೋಗುವ ದಾರಿಯ ಮೇಲೆ ಒಂದು ಕೇಂದ್ರವಿತ್ತು. ತಗಡಿನ ಶೆಡ್ಡು, ಮುಂದೆ ಎರಡು ಬೇವಿನ ಗಿಡ. ಡಾಕ್ಟರ್ ಬಾಯಿ ಎಂದು ನಾವು ಕರೆಯುತ್ತಿದ್ದ ಒಬ್ಬ ಹೆಣ್ಣುಮಗಳು, ಒಬ್ಬ ಚಪ್ಪಲಿ ಹೊಲಿಯುವ ಮೇಸ್ತ್ರಿ, ಒಂದು ಜೀಪು. ಜೀಪಿನ ಬಾಗಿಲ ಮೇಲೆ ದೂರದ ಒಂದು ತಂಪು ದೇಶದ ಬಾವುಟದ ಚಿತ್ರ ಅಂಟಿಸಿದ್ದರು. ಆ ದೇಶದ ಸರಕಾರ ಕೊಡುವ ರೊಕ್ಕದಲ್ಲೇ ಎಲ್ಲವೂ ನಡೆಯುತ್ತಿತ್ತು. ತಿಂಗಳಿಗೊಮ್ಮೆ ಜೀಪು ಸಗರಕ್ಕೆ ಬಂದಾಗ ಅತ್ತಿ ಮೊದಲು ಆ ಚಿತ್ರ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಡಾಕ್ಟರ್ ಬಾಯಿಗೆ ನಮಸ್ಕಾರ ಮಾಡುತ್ತಿದ್ದರು.

ಚಪ್ಪಲಿ ಅಂದರೆ ಅಂಗಡಿಯ ಚಪ್ಪಲಿ ಅಲ್ಲ. ಒಳಗೆ ಕರಿ ಬಣ್ಣದ ಮೆತ್ತನೆ ರಬ್ಬರು, ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಮತ್ತೆ ಮೇಲೆ ಏಳುತ್ತಿತ್ತು. ಕೆಳಗೆ ಮುಳ್ಳು ದಾಟದಂಥ ಗಟ್ಟಿ ತಳ. ಎಲ್ಲೂ ಮೊಳೆ ಇರುತ್ತಿರಲಿಲ್ಲ, ಎಲ್ಲ ಅಂಟು, ಹೊಲಿಗೆ ಅಷ್ಟೇ. ಮೇಸ್ತ್ರಿ ಕಾಗದದ ಮೇಲೆ ಅತ್ತಿಯ ಪಾದ ಇರಿಸಿ ಸುತ್ತಲೂ ಗೆರೆ ಎಳೆಯುತ್ತ ನಗಿಸುತ್ತಿದ್ದ. ಪಟ್ಟಿ ಯಾವ ಬಣ್ಣದ್ದು ಬೇಕು, ಸೀರೆಗೆ ಹೊಂದುವಂಥದ್ದು ಹಾಕುತ್ತೇನೆ, ಮದುಮಗಳಂತೆ ಕಾಣುತ್ತೀರಿ ಎನ್ನುತ್ತಿದ್ದ. ಅತ್ತಿ ಸುಮ್ಮನಿರುವವರಲ್ಲ. ಮದುಮಗಳಾದರೆ ಮದುಮಗನನ್ನೂ ನೀನೇ ಹುಡುಕಿಕೊಡಬೇಕಾಗುತ್ತದೆ, ಅದು ನಿನ್ನಿಂದ ಆಗದ ಮಾತು ಅನ್ನುತ್ತಿದ್ದರು.

ತಕರಾರು ಬಂದದ್ದು ಮನೆಯೊಳಗೆ ಹಾಕಿಕೊಳ್ಳುವ ವಿಷಯಕ್ಕೆ. ಒಲೆಯ ಮುಂದೆಯೂ ಚಪ್ಪಲಿ ಇರಬೇಕು, ಕೆಂಡ ಸಿಡಿದರೆ ಗೊತ್ತಾಗುವುದಿಲ್ಲ ಎಂದು ಡಾಕ್ಟರ್ ಬಾಯಿ ಎಷ್ಟು ಹೇಳಿದರೂ ಅತ್ತಿ ಒಪ್ಪಲಿಲ್ಲ. ದೇವರ ಜಗುಲಿ ಇರುವ ಮನೆಯಲ್ಲಿ ಚಪ್ಪಲಿ ಮೆಟ್ಟಿ ತಿರುಗುವುದೇ? ಕೊನೆಗೆ ಮೇಸ್ತ್ರಿ ಒಂದು ಬೇರೆ ಜೋಡಿ ಹೊಲಿದು, ಹೊಸ ಅರಿವೆಯಲ್ಲಿ ಸುತ್ತಿ, ನೆಲಕ್ಕೇ ತಾಗಿಸದೆ ತಂದು ಕೈಗೆ ಕೊಟ್ಟ. ಇದು ಹೊರಗಿನ ನೆಲ ನೋಡಿಲ್ಲ, ಹುಟ್ಟಿದ್ದೇ ಮನೆಯೊಳಗೆ ಅಂದ. ಅತ್ತಿ ಅದಕ್ಕೆ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಆಮೇಲೆ ಕಾಲಿಗೆ ಹಾಕಿಕೊಂಡರು. ಅಂದಿನಿಂದ ನಮ್ಮಲ್ಲಿ ಮನೆಯ ಜೋಡು ಬೇರೆ, ಹೊರಗಿನ ಜೋಡು ಬೇರೆ. ಹಳೆಯದು ಸವೆಯುವ ಹೊತ್ತಿಗೆ ಹೊಸದು ಬರುತ್ತಿತ್ತು. ವರ್ಷಗಟ್ಟಲೆ ಅವರ ಕಾಲಿಗೆ ಒಂದು ಗಾಯ ಆಗಲಿಲ್ಲ.

ಒಂದು ಸಲ ಜೀಪಿನಲ್ಲಿ ಆ ದೇಶದ ಹೆಣ್ಣುಮಗಳೊಬ್ಬಳು ಬಂದಳು. ಎತ್ತರದ ಆಳು, ನಮ್ಮ ಕಟ್ಟೆಯ ಮೇಲೆ ಕೂತರೆ ಮೊಣಕಾಲು ಎದೆಗೆ ಬರುತ್ತಿದ್ದವು. ಊರಲ್ಲಿ ಆ ಬೇನೆ ಬಂದು ಹೋದವರೆಲ್ಲರ ಪಾದ ನೋಡಿದಳು. ಅತ್ತಿಗೆ ಬಹಳ ದಿನದಿಂದ ಒಂದು ಮಾತು ಕೇಳುವುದಿತ್ತು. ಗುರುತಿಲ್ಲ, ನಂಟಿಲ್ಲ, ನೀವು ನಮಗೆ ಯಾಕೆ ಕೊಡುತ್ತೀರಿ? ಡಾಕ್ಟರ್ ಬಾಯಿ ಅದನ್ನು ಆಕೆಗೆ ತಿಳಿಸಿ, ಆಕೆಯ ಉತ್ತರ ನಮಗೆ ಹೇಳಿದರು. ಅವರ ಸರಕಾರ ತಾನು ಗಳಿಸಿದ್ದರಲ್ಲಿ ಇಂತಿಷ್ಟು ಪಾಲು ಬಡ ದೇಶಗಳಿಗೆ ಎಂದು ಮೊದಲೇ ತೆಗೆದಿಡುತ್ತದಂತೆ. ಹಾಗೆ ಮಾಡುತ್ತೇವೆ ಎಂದು ಮಾತು ಕೊಟ್ಟಿದೆಯಂತೆ.

ಅತ್ತಿಯ ಮುಖ ಅರಳಿತು. “ನಾವು ಗಿರಣಿಗೆ ಕಳಸೂಕಿಂತ ಮೊದಲ ಹಿಡಿ ತೆಗೀತೀವಲ್ಲ, ಅದಾ ಅಲ್ಲೇನ್ರಿ ಇದು?”

ನಮ್ಮ ಮನೆಯ ರೂಢಿ ಅದು. ಜೋಳ ಹಸನು ಮಾಡಿ ಬೀಸಲಿಕ್ಕೆ ಕೊಡುವ ಮೊದಲು ಒಂದು ಹಿಡಿ ಪಕ್ಕದ ಮಣ್ಣಿನ ಗಡಿಗೆಗೆ ಬೀಳಬೇಕು. ಅದು ಭಿಕ್ಷಕ್ಕೆ ಬರುವ ಅಯ್ಯನವರಿಗೆ, ಬಾಗಿಲಿಗೆ ಬಂದ ಯಾರಿಗಾದರೂ. ನಮಗೆ ಎಷ್ಟೇ ಕಡಿಮೆ ಬಿದ್ದರೂ ಆ ಗಡಿಗೆಗೆ ಕೈ ಹಾಕುವಂತಿಲ್ಲ. ಡಾಕ್ಟರ್ ಬಾಯಿ ನಗುತ್ತ ಅದನ್ನೇ ಆಕೆಗೆ ತಿಳಿಸಿದರು. ಆಕೆಗೆ ನೋಡುವ ಆಸೆಯಾಯಿತು. ಅತ್ತಿ ಒಳಗೆ ಕರೆದುಕೊಂಡು ಹೋಗಿ ಗಡಿಗೆ ತೋರಿಸಿ, ಚೀಲದ ಬಾಯಿ ಬಿಚ್ಚಿ, ನೀನೂ ಒಂದು ಹಾಕು ಎಂದು ಕೈಸನ್ನೆ ಮಾಡಿದರು. ಆಕೆ ಬಾಗಿಲಲ್ಲಿ ಬೂಟು ಬಿಚ್ಚಿ ಬಂದಿದ್ದಳು. ತಲೆ ಜಂತಿಗೆ ತಾಗದಂತೆ ಬಗ್ಗಿ ನಿಂತು, ಜೋಳ ಮುಷ್ಟಿಯಲ್ಲಿ ಹಿಡಿದು, ಗಡಿಗೆಗೆ ಹಾಕಿದಳು.

ಜೀಪು ಹೋದ ಮೇಲೆ ಅತ್ತಿ ಅದನ್ನೇ ಎಷ್ಟೋ ದಿನ ಹೇಳಿದರು. ಆಕೆಯ ಹಿಡಿ ಎಷ್ಟು ದೊಡ್ಡದಿತ್ತು ನೋಡಿದೆಯಾ, ಅವರ ಸರಕಾರದ ಕಣಜ ಎಷ್ಟು ದೊಡ್ಡದಿರಬೇಕು ಎಂದು.

ಅವು ನಮ್ಮ ಕಡೆ ಕಾಲುವೆ ಬಂದ ವರ್ಷಗಳು. ಕೃಷ್ಣೆಯ ನೀರು ನಾರಾಯಣಪುರದಿಂದ ಇಳಿದು ಶಹಾಪುರ, ಸುರಪುರದ ಹೊಲಗಳಿಗೆ ಬರತೊಡಗಿತ್ತು. ಜೋಳ ಬೆಳೆಯುವ ಕರಿನೆಲದಲ್ಲಿ ಭತ್ತ ನಿಂತಿತು. ಸೊಳ್ಳೆ ಬಂದವು, ಆಂಧ್ರದಿಂದ ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವರು ಬಂದರು, ಪೇಟೆಯಲ್ಲಿ ಅನ್ನದ ಖಾನಾವಳಿ ಬಂದವು. ನಮ್ಮ ಮನೆಯವರು ಕಾಲುವೆ ಕಚೇರಿಯಲ್ಲಿ ಕೆಲಸಕ್ಕಿದ್ದರು. ಉಳಿದ ಹೊತ್ತಿನಲ್ಲಿ ನಮ್ಮದೇ ಸಣ್ಣ ಹೊಲ ನೋಡುತ್ತಿದ್ದರು. ಕಾಲುವೆಗೂ ಹೊರದೇಶದ ರೊಕ್ಕ ಬಂದಿದೆ, ಆದರೆ ಅದು ಸಾಲ, ನಿನ್ನ ಚಪ್ಪಲಿ ಮಾತ್ರ ತಿರುಗಿ ಕೊಡದೆ ಇರುವಂಥದ್ದು ಎಂದು ತಾಯಿಗೆ ಹೇಳುತ್ತಿದ್ದರು. ಹಾಗಾದರೆ ನನ್ನ ಚಪ್ಪಲಿ ನಿನ್ನ ಕಾಲುವೆಗಿಂತ ದೊಡ್ಡದಾಯಿತು ಎಂದು ಅತ್ತಿ ಬೀಗುತ್ತಿದ್ದರು. ಮಧ್ಯಾಹ್ನ ಕಾಲುವೆ ಏರಿಯ ಮೇಲೆ ಹೊಲಕ್ಕೆ ಬುತ್ತಿ ಒಯ್ಯುವುದು ಅವರದೇ ಕೆಲಸ. ಗದ್ದೆಯ ಕೆಸರಿಗೆ ಮಾತ್ರ ಇಳಿಯುವಂತಿಲ್ಲ ಎಂದು ಕೇಂದ್ರದ ಕಟ್ಟಪ್ಪಣೆ ಇತ್ತು. ಏರಿಯ ಮೇಲೇ ನಿಂತು ಮಗನನ್ನು ಕೂಗುತ್ತಿದ್ದರು.

ಒಂದು ಬೇಸಿಗೆ ಜೀಪು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಅದರ ಮುಂದಿನ ತಿಂಗಳು ಡಾಕ್ಟರ್ ಬಾಯಿ ಬಸ್ಸಿನಲ್ಲಿ ಬಂದಿಳಿದರು, ಹೆಗಲಿಗೆ ಒಂದು ದೊಡ್ಡ ಚೀಲ. ನಮ್ಮ ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ಚಹಾ ಆರುವ ತನಕ ಹಿಡಿದುಕೊಂಡೇ ಇದ್ದರು. ಆಮೇಲೆ ಹೇಳಿದರು. ಆ ದೇಶದಿಂದ ಇನ್ನು ಏನೂ ಬರುವುದಿಲ್ಲ. ಜೀಪು ತಿರುಗಿ ಕೊಟ್ಟಾಯಿತು. ಮೇಸ್ತ್ರಿ ರಾಯಚೂರಿನ ಕಡೆ ಕೆಲಸ ಹುಡುಕಿಕೊಂಡು ಹೋಗಿದ್ದಾನೆ. ಗುಳಿಗೆಗೇನೂ ತೊಂದರೆ ಇಲ್ಲ, ಅವು ಸರಕಾರಿ ದವಾಖಾನೆಯಲ್ಲಿ ಸಿಗುತ್ತವೆ. ಚಪ್ಪಲಿಯೂ ಅಲ್ಲಿಗೆ ಬಂದರೆ ಬರಬಹುದು, ಹೇಳಲಿಕ್ಕೆ ಬರುವುದಿಲ್ಲ. ಉಳಿದಿದ್ದ ರಬ್ಬರಿನಲ್ಲಿ ಮೇಸ್ತ್ರಿ ಹೋಗುವ ಮೊದಲು ಎಲ್ಲರಿಗೂ ಒಂದೊಂದು ಜೋಡಿ ಹೊಲಿದು ಇಟ್ಟಿದ್ದ. ಚೀಲದಿಂದ ತೆಗೆದು ಅತ್ತಿಯ ಕೈಗೆ ಕೊಟ್ಟರು. ಪಟ್ಟಿಗೆ ಹಸಿರು ಬಣ್ಣ ಹಾಕಿದ್ದ.

ಅತ್ತಿ ಚಪ್ಪಲಿ ನೋಡಲಿಲ್ಲ. “ಯಾಕ್ರಿ, ಆ ದೇಶದಾಗ ಮಳಿ ಆಗಿಲ್ಲೇನು?” ಎಂದು ಕೇಳಿದರು.

ಡಾಕ್ಟರ್ ಬಾಯಿ ನನ್ನ ಕಡೆ ನೋಡಿದರು.  ತೆಗೆದಿಟ್ಟ ಹಿಡಿ ನಿಲ್ಲುವುದೆಂದರೆ ಅತ್ತಿಯ ಲೆಕ್ಕದಲ್ಲಿ ಒಂದೇ ಅರ್ಥ, ಆ ಮನೆಯ ಕಣಜ ಬರಿದಾಗಿದೆ.

“ಹೌದ್ರಿ ಅವ್ವ,” ಅಂದರು ಬಾಯಿ, “ಈ ಸಲ ಅವರಿಗೂ ಸ್ವಲ್ಪ ಅಡಚಣಿ ಅದ.”

ಮುದುಕಿಯ ಸಮಾಧಾನಕ್ಕೆ ಹೇಳಿದ ಮಾತು ಅದು. ಆಗ ನನಗೂ ಅದೇ ಸರಿ ಅನ್ನಿಸಿತ್ತು. ಅತ್ತಿ ಬಹಳ ಹೊತ್ತು ಲೊಚಗುಟ್ಟಿದರು. ಆ ಎತ್ತರದ ಹೆಣ್ಣುಮಗಳ ಮನೆಯಲ್ಲಿ ಸಣ್ಣ ಮಕ್ಕಳು ಇದ್ದಾವೋ ಏನೋ ಎಂದರು. ಬಾಯಿ ಹೊರಟಾಗ ಅವರ ಸೆರಗಿನಲ್ಲಿ ಶೇಂಗಾ ಕಟ್ಟಿಕೊಟ್ಟರು.

ಅವತ್ತೇ ಅತ್ತಿ ಹೊಸ ಜೋಡನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಡಿಗೆಮನೆಯ ಗೋಡೆಯ ಗೂಡಿನಲ್ಲಿ ಇಟ್ಟರು. ಆ ದೇಶದ ಮುಂದಿನ ಸುಗ್ಗಿ ಬರುವ ತನಕ ಕಾಲ ತೆಗೆಯಬೇಕಲ್ಲ. ಕಾಲಿನಲ್ಲಿದ್ದವೇ ಆಗಲೇ ಸವೆದಿದ್ದವು. ಹೊಸವನ್ನು ಹಾಕಿಕೊಳ್ಳಿ ಎಂದು ನಾನು ದಿನಾ ಪರಾತದ ಮುಂದೆ ಹೇಳುವುದು, ಇವು ಪೂರಾ ಹರಿಯಲಿ ಎಂದು ಅವರು ಹೇಳುವುದು. ಮಗ ಜೋರು ಮಾಡಿದರೆ, ನೀನು ಕಾಲುವೆಯಲ್ಲಿ ನೀರು ತುಂಬಿದೆ ಎಂದು ಒಂದೇ ದಿನ ಎಲ್ಲ ಬಿಡುತ್ತೀಯಾ, ಸರದಿಯ ಮೇಲೆ ಬಿಡುತ್ತೀಯಲ್ಲ ಎಂದು ಬಾಯಿ ಮುಚ್ಚಿಸಿದರು. ಮೊದಲು ಮನೆಯ ಜೋಡು ಹರಿಯಿತು. ಒಲೆಯ ಮುಂದೆ ಬರಿಗಾಲಿನಲ್ಲಿ ಕೂರತೊಡಗಿದರು. ರೊಟ್ಟಿ ಬಡಿಯುವುದನ್ನು ಬಿಡಿಸಿ ನಾನೇ ಒಲೆ ಹಿಡಿದೆ. ಹಬ್ಬದ ದಿನ ಗೂಡಿನಿಂದ ಹೊಸ ಜೋಡು ಇಳಿಸಿ, ಬಿಚ್ಚಿ, ಒರೆಸಿ, ಮತ್ತೆ ಸುತ್ತಿ ಇಡುತ್ತಿದ್ದರು.

ಬೋನಾಳದಲ್ಲಿ ಅವರ ತಂಗಿಯ ಮನೆ. ಅಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗುವುದಿತ್ತು. ಹೊರಗಿನ ಜೋಡಿನ ತಳ ಬಾಯಿ ಬಿಟ್ಟಿತ್ತು. ಅತ್ತಿ ಶಹಾಪುರದ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ರಿಪೇರಿಗೆ ಕೂರುವವನ ಮುಂದೆ ಇಳಿದು, ಅದನ್ನು ಕೂಡಿಸಿಕೊಂಡು, ಅಲ್ಲಿಂದಲೇ ಬೋನಾಳಕ್ಕೆಂದು ಸುರಪುರದ ಬಸ್ಸು ಹತ್ತಿದರಂತೆ. ಆ ಮನುಷ್ಯನಿಗೆ ಇವರ ಕಾಲಿನ ಸುದ್ದಿ ಹೇಗೆ ಗೊತ್ತಾಗಬೇಕು? ಇವರೂ ಹೇಳಿಕೊಳ್ಳುವವರಲ್ಲ. ಹೇಳಿದರೆ ಕೈಯಲ್ಲಿ ಹಿಡಿಯುತ್ತಾನೋ ಇಲ್ಲವೋ ಎಂಬ ಅಂಜಿಕೆ. ಅವನು ಎಲ್ಲರದಕ್ಕೆ ಮಾಡಿದಂತೆ ಟಾಯರಿನ ತಳ ಇಟ್ಟು ಮೊಳೆ ಹೊಡೆದ. ಮೇಲೆ ಚರ್ಮದ ತುಂಡು ಅಂಟಿಸಿ ಸಾಫು ಮಾಡಿಕೊಟ್ಟ.

ನಾಲ್ಕೈದು ದಿನ ಬಿಟ್ಟು ಬೋನಾಳದಿಂದ ಬಂದವರು ಬಾಗಿಲಲ್ಲೇ ಬಲಗಾಲಿನ ಚಪ್ಪಲಿ ಎತ್ತಿ ತೋರಿಸಿದರು. “ನೋಡು, ಮತ್ತೊಂದು ವರ್ಷ ನಡೀತಾವ.” ಅಲ್ಲಿಯ ಕೆರೆಯ ದಂಡೆಯ ಮೇಲೆ ಹಕ್ಕಿ ನೋಡುತ್ತ ಎಷ್ಟು ದೂರ ನಡೆದೆ, ಏನೂ ಆಗಲಿಲ್ಲ ಎಂದು ಖುಷಿಯಲ್ಲಿದ್ದರು. ತೊಟ್ಟಿಲಲ್ಲಿ ಮಗುವಿಗೆ ಯಾರು ಏನು ತಂದಿದ್ದರು ಎಂದು ಹೇಳುತ್ತ ಪರಾತದಲ್ಲಿ ಕಾಲಿಟ್ಟರು. ನೀರು ಕಂದು ಬಣ್ಣಕ್ಕೆ ತಿರುಗಿತು. ಕೆರೆಯ ಮಣ್ಣು ಅಂದುಕೊಂಡೆ. ಪಾದ ಎತ್ತಿದಾಗ ಅಂಗಾಲಿನ ನಡುವೆ ಒಂದು ಕರಿ ತೂತು. ಚಪ್ಪಲಿ ತಂದು ಬೆಳಕಿಗೆ ಹಿಡಿದೆ. ಚರ್ಮದ ತುಂಡು ಸವೆದು, ಮೊಳೆಯ ತುದಿ ಮೇಲೆ ಬಂದಿತ್ತು. ಸುತ್ತಲೂ ಒಣಗಿದ ರಕ್ತ. ಅವರು ಮಾತು ನಿಲ್ಲಿಸಿರಲಿಲ್ಲ, ಮಗುವಿನ ಮೂಗು ಅಜ್ಜನ ಹಾಗೇ ಇದೆ ಎನ್ನುತ್ತಿದ್ದರು.

ನಾನು ಆ ಚಪ್ಪಲಿಯನ್ನು ಅವರ ಕೈಗೆ ಕೊಟ್ಟೆ. ಮೊಳೆಯ ಮೇಲೆ ಬೆರಳಿಟ್ಟು ನೋಡಿದರು. 

ಮರುದಿನವೇ ಶಹಾಪುರಕ್ಕೆ ಹೋದೆವು. ಅಲ್ಲಿ ಸರಕಾರಿ ದವಾಖಾನೆಯಲ್ಲಿ ತೊಳೆದು ಕಟ್ಟಿದರು. ಮೊದಲಾಗಿದ್ದರೆ ಕೇಂದ್ರದಲ್ಲಿ ಇರಿಸಿಕೊಂಡು, ಕಾಲು ನೆಲಕ್ಕೆ ಊರದಂತೆ ನೋಡಿಕೊಂಡು, ಆರಿದ ಮೇಲೆ ಕಳಿಸುತ್ತಿದ್ದರು. ಈಗ ಆ ಶೆಡ್ಡಿಗೆ ಬೀಗ. ಬೇವಿನ ಗಿಡದ ಕೆಳಗೆ ಯಾರೋ ಸಿಮೆಂಟಿನ ಚೀಲ ಒಟ್ಟಿದ್ದರು. ದಿನ ಬಿಟ್ಟು ದಿನ ಬಸ್ಸಿನಲ್ಲಿ ಹೋಗಿ ಬರುವುದು, ಹತ್ತುವುದು, ಇಳಿಯುವುದು. ಪಾದ ಊದಿತು, ಜ್ವರ ಬಂತು. ಯಾದಗಿರಿಗೆ ಬರೆದುಕೊಟ್ಟರು, ಅಲ್ಲಿಂದ ಕಲಬುರಗಿಗೆ. ಎಲುಬಿಗೆ ಕೀವು ಇಳಿದಿದೆ, ಕಾಲು ಉಳಿಸಿದರೆ ಜೀವ ಉಳಿಯುವುದಿಲ್ಲ ಎಂದು ಅಲ್ಲಿಯ ದೊಡ್ಡ ಡಾಕ್ಟರು ನಮ್ಮ ಮನೆಯವರನ್ನು ಹೊರಗೆ ಕರೆದು ಹೇಳಿದರು. ಮೊಣಕಾಲಿನ ಕೆಳಗೆ ಬಲಗಾಲು ತೆಗೆದರು.

ಎಚ್ಚರವಾದ ಮೇಲೆ ಅತ್ತಿ ಹೊದಿಕೆಯ ಮೇಲೆ ಕೈಯಾಡಿಸಿ ನೋಡಿದರು. ಅಳಲಿಲ್ಲ. ಗೂಡಿನಲ್ಲಿರುವ ಜೋಡು ಇಲಿ ಕಡಿಯದಂತೆ ನೋಡಿಕೋ ಎಂದು ನನಗೆ ಹೇಳಿದರು.

ಮನೆಗೆ ತಂದ ಮೇಲೆ ಸಂಜೆಯ ಕೆಲಸ ಅರ್ಧವಾಯಿತು. ಪರಾತದಲ್ಲಿ ಒಂದೇ ಪಾದ. ಹಸಿರು ಪಟ್ಟಿಯ ಎಡಗಾಲಿನ ಚಪ್ಪಲಿಯನ್ನು ನಾನೇ ಗೂಡಿನಿಂದ ಇಳಿಸಿ ಹಾಕಿದೆ. ಈ ಸಲ ಬೇಡ ಅನ್ನಲಿಲ್ಲ. ಬಗಲಿಗೆ ಬಡಿಗೆ ಹಿಡಿದು ಅಂಗಳದ ತನಕ ಬರುವರು. ಬುತ್ತಿ ನಾನು ಒಯ್ಯತೊಡಗಿದೆ. ಏರಿಯ ಮೇಲೆ ನಿಂತು ಕೂಗಿದರೆ ನಮ್ಮ ಮನೆಯವರು ತಟ್ಟನೆ ತಲೆ ಎತ್ತುವರು. ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿ ಕೆಲಸ ಮುಂದುವರಿಸುವರು.

ಸುದ್ದಿ ಹೇಗೋ ಮುಟ್ಟಿ ಡಾಕ್ಟರ್ ಬಾಯಿ ಬಂದರು. ಬೀದರ್ ಕಡೆ ಎಲ್ಲೋ ಬೇರೆ ಕೆಲಸಕ್ಕೆ ಸೇರಿದ್ದರಂತೆ. ಬಾಗಿಲಲ್ಲಿ ನಿಂತು ಅತ್ತಿಯ ಕಾಲು ನೋಡಿದರು, ಗೂಡಿನಲ್ಲಿದ್ದ ಒಂಟಿ ಚಪ್ಪಲಿ ನೋಡಿದರು. ಹೊಸದನ್ನು ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಿದರು. ನಾನು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅತ್ತಿಯೇ ಹೇಳಿದರು, ನೀವೇ ಅಂದಿದ್ದಿರಲ್ಲ, ಅವರಿಗೆ ಅಡಚಣಿ ಅದ ಅಂತ. ಅವರಿಗೆ ಬೆಳೆ ಬರುವ ತನಕ ಕಾಯೋಣ ಎಂದು ಎತ್ತಿಟ್ಟೆ ಅಂದರು. ಆಮೇಲೆ ಕೇಳಿದರು, “ಈ ವರ್ಷ ಅವರ ಬೆಳಿ ಹ್ಯಾಂಗ ಬಂತ್ರಿ?”

ಬಾಯಿ ಒಳಗೆ ಬಂದು ಅತ್ತಿಯ ಎದುರಿಗೆ ನೆಲದ ಮೇಲೆ ಕೂತರು.

“ಅವ್ವ, ಅಲ್ಲಿ ಬೆಳಿ ಎಂದೂ ಕಡಿಮಿ ಆಗಿದ್ದಿಲ್ರಿ. ನಿಮಗ ಕೆಟ್ಟ ಅನಸಬಾರದಂತ ಅವತ್ತ ಹಂಗಂದೆ. ಅಲ್ಲಿ ಸರಕಾರ ಬದಲಾತು. ಹೊಸಬರು, ಮೊದಲ ನಮ್ಮ ಮಂದಿ ನೋಡ್ಕೋತೀವಿ ಅಂದ್ರು. ಹಿಂದಿನವರು ಕೊಟ್ಟ ಮಾತು ನಾವು ಪೂರಾ ನಡಸೂದಿಲ್ಲ ಅಂದ್ರು. ಇಷ್ಟ ಆಗಿದ್ದು.”

ಅತ್ತಿ ಗಡಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಸಿಟ್ಟು ಮಾಡುತ್ತಾರೆ ಅಂದುಕೊಂಡೆ. ಮಾಡಿದ್ದರೆ ನಮಗೆಲ್ಲ ಹಗುರಾಗುತ್ತಿತ್ತೇನೋ.

“ಹಂಗಾದ್ರ ಆ ಹೆಣ್ಣುಮಗಳಿಗೆ ಎಷ್ಟು ನಾಚಿಕಿ ಆಗಿರಬೇಕು,” ಅಂದರು. “ನಮ್ಮ ಮನ್ಯಾಗ ನಿಂತು ಹಿಡಿ ಹಾಕಿ ಹೋಗ್ಯಾಳ. ಮನಿ ಹಿರೇರು ಮಾತು ತಪ್ಪಿದ್ರ ಆಕಿ ಏನ ಮಾಡ್ಯಾಳು, ಪಾಪ.” ಆಮೇಲೆ, “ಈ ಕಾಲಿನ ಸುದ್ದಿ ಆಕಿಗೆ ಮುಟ್ಟಸಬ್ಯಾಡ್ರಿ” ಅಂದರು.

ಬಾಯಿ ಆಗಲಿ ಎಂದು ತಲೆಯಾಡಿಸಿದರು. ಊಟಕ್ಕೆ ಏಳಿಸಿದರೆ ಏಳಲಿಲ್ಲ. ಕೊನೆಗೆ ಅತ್ತಿಯೇ ಗದರಿದ ಮೇಲೆ ಒಂದು ರೊಟ್ಟಿ ತಿಂದರು.

ಮರುದಿನ ಬೆಳಗ್ಗೆ ಗಿರಣಿಗೆ ಜೋಳ ಕಳಿಸುವುದಿತ್ತು. ನಾನು ಹಸನು ಮಾಡಿ ಮುಂದಿಟ್ಟೆ. ಅತ್ತಿ ಕೂತಲ್ಲಿಂದಲೇ ಜರುಗಿ ಬಂದು, ಹಿಡಿ ತೆಗೆದು, ಗಡಿಗೆಗೆ ಹಾಕಿದರು. ಎಂದಿನಂತೆಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ದೇಶದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಓಣಿಯಲ್ಲಿ ಜೀಪಿನ ಸಪ್ಪಳವಾದರೆ ಮೊದಲು ಬಾಗಿಲ ಕಡೆ ತಿರುಗುತ್ತಿದ್ದವರು ಈಗ ತಿರುಗುವುದನ್ನು ಬಿಟ್ಟಿದ್ದರು.

ಅವರು ಹೋಗಿ ಎಷ್ಟೋ ವರ್ಷಗಳಾದವು. ಎಡಗಾಲಿನ ಚಪ್ಪಲಿ ಅವರು ಇರುವಾಗಲೇ ಸವೆದು ಮುಗಿಯಿತು. ಅದರ ರಬ್ಬರು ಕೊನೆಕೊನೆಗೆ ಒಣ ರೊಟ್ಟಿಯಷ್ಟು ಗಟ್ಟಿಯಾಗಿತ್ತು. ಬಲಗಾಲಿನದು ಇನ್ನೂ ಅದೇ ಗೂಡಿನಲ್ಲಿದೆ. ಗೋಡೆಗೆ ಸುಣ್ಣ ಹಚ್ಚುವಾಗ ಇಳಿಸುತ್ತೇನೆ, ಸೀರೆಯ ತುಂಡು ಬಿಚ್ಚಿ ಧೂಳು ಒರೆಸುತ್ತೇನೆ. ಹಸಿರು ಪಟ್ಟಿಯ ಬಣ್ಣ ಸ್ವಲ್ಪ ಮಾಸಿದೆ. ತಳಕ್ಕೆ ಒಂದು ಕಣ ಮಣ್ಣು ಹತ್ತಿಲ್ಲ. ಒಳಗೆ ಹೆಬ್ಬೆರಳು ಇಟ್ಟು ಒತ್ತಿದರೆ ಈಗಲೂ ಕುಳಿ ಬೀಳುತ್ತದೆ, ಬೆರಳು ತೆಗೆದರೆ ಮೊದಲಿನಷ್ಟು ಬೇಗ ಅಲ್ಲ, ಮೆಲ್ಲಗೆ ಮೇಲೆ ಬರುತ್ತದೆ.